ನಾಟಕ ಕಂಪನಿ ಕಟ್ಟಿದ ಕಿವಿ

ಹುಬ್ಬಳ್ಳಿ-ಧಾರವಾಡದ ಸಂಗೀತದ ಚರಿತ್ರೆಯನ್ನು ನಾವು ಯಾವಾಗಲೂ ಗುರುಗಳ ಹೆಸರಿನಿಂದಲೇ ಆರಂಭಿಸುತ್ತೇವೆ. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಇಲ್ಲಿ ತಂಗುತ್ತಿದ್ದರು, ಅವರಿಂದ ಕುಂದಗೋಳದ ಸವಾಯಿ ಗಂಧರ್ವರು ಕಲಿತರು, ಅವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಕಲಿತರು. ಇತ್ತ ಮಲ್ಲಿಕಾರ್ಜುನ ಮನಸೂರರು ಅಲ್ಲಾದಿಯಾ ಖಾನರ ಮಕ್ಕಳಲ್ಲಿ ಕಲಿತರು, ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತರು. ಈ ವಂಶಾವಳಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಹಾಡಿದವರ ಕಥೆ, ಕೇಳಿದವರದಲ್ಲ. ಗುರು ಸಿಕ್ಕ ಮಾತ್ರಕ್ಕೆ ಒಂದು ಊರು ಸಂಗೀತದ ಊರಾಗುವುದಿಲ್ಲ. ಹಾಡನ್ನು ದುಡ್ಡು ಕೊಟ್ಟು ಕೇಳುವ, ಚೆನ್ನಾಗಿದ್ದರೆ ಮತ್ತೊಮ್ಮೆ ಹಾಡಿಸುವ, ಕೆಟ್ಟರೆ ಎದ್ದು ಹೋಗುವ ಜನ ಬೇಕು. ಹತ್ತಿ ಬೆಳೆಯುವ ರೈತ, ಅಡತಿ ಅಂಗಡಿಯ ಗುಮಾಸ್ತ, ರೈಲ್ವೆ ಕಾರ್ಖಾನೆಯ ಕೆಲಸಗಾರ, ಹಳ್ಳಿಯ ಶಾನುಭೋಗ, ಇವರೆಲ್ಲ ಭೀಮಪಲಾಸವನ್ನೋ ಜೋಗಿಯಾವನ್ನೋ ಗುರುತಿಸಿ ತಲೆದೂಗುವಂತಾದದ್ದು ಹೇಗೆ? ಆ ಕಿವಿಯನ್ನು ಕಟ್ಟಿದ್ದು ಮುಖ್ಯವಾಗಿ ನಾಟಕ ಕಂಪನಿ. ನಾವು ಇಂದು ಶಾಸ್ತ್ರೀಯವೆಂದು ಕೈಮುಗಿಯುವ ಧಾರವಾಡದ ಸಂಗೀತ 1950ರವರೆಗೆ ಬಹುಮಟ್ಟಿಗೆ ಇಲ್ಲಿನ ಜನಪ್ರಿಯ ಸಂಗೀತವೇ ಆಗಿತ್ತು. ಅದು ಜನಪ್ರಿಯವಾಗಿತ್ತು ಎಂಬುದನ್ನು ಮರೆತಿರುವುದರಿಂದಲೇ ಅದರ ಚರಿತ್ರೆಯ ದೊಡ್ಡ ಭಾಗ ನಮ್ಮ ಕೈತಪ್ಪಿ ಹೋಗುತ್ತಿದೆ.

ಕಂಪನಿಯ ಕಥೆ ಗದಗಿನಿಂದ ಆರಂಭವಾಗುತ್ತದೆ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ನಾಟಕ ಮಂಡಳಿಗಳೇ ಮೆರೆಯುತ್ತಿದ್ದ ಕಾಲದಲ್ಲಿ, 1870ರ ದಶಕದಲ್ಲಿ, ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿ, ತಾವೇ ನಾಟಕ ಬರೆದು ಆಡಿಸಿದರು. ಮುಂದಿನ ಐವತ್ತು ವರ್ಷಗಳಲ್ಲಿ ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಕೊಣ್ಣೂರ ಕಂಪನಿ ಹೀಗೆ ಒಂದರ ಬೆನ್ನಿಗೊಂದು ಎದ್ದವು. ಇವು ಊರಿಂದೂರಿಗೆ ಸಾಗಲು ಅನುಕೂಲ ಮಾಡಿದ್ದು ರೈಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು, ಹುಬ್ಬಳ್ಳಿ ಹಲವು ದಿಕ್ಕಿನ ಗಾಡಿಗಳು ಕೂಡುವ ಜಂಕ್ಷನ್ ಆಯಿತು. ರೈಲ್ವೆ ಕಾರ್ಖಾನೆ ಬಂತು, ಗಿರಣಿ ಬಂತು, ಹತ್ತಿ ಪೇಟೆ ಬೆಳೆಯಿತು. ಪರದೆ, ಪೋಷಾಕಿನ ಪೆಟ್ಟಿಗೆ, ಹಾರ್ಮೋನಿಯಂ, ಅಡುಗೆ ಪಾತ್ರೆ ಎಲ್ಲವನ್ನೂ ಹೇರಿಕೊಂಡು ಬಂದು ಕ್ಯಾಂಪು ಹಾಕಲು ಇದಕ್ಕಿಂತ ಒಳ್ಳೆಯ ಊರು ಸುತ್ತಿನಲ್ಲಿ ಇರಲಿಲ್ಲ. ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ, ಜಾತ್ರೆಗಳ ಹೊತ್ತಿಗೆ, ಕಂಪನಿಯ ತಗಡಿನ ಥಿಯೇಟರು ನಿಂತಿರುತ್ತಿತ್ತು. ಸಂಗೀತವನ್ನು ಟಿಕೀಟು ಹಚ್ಚಿ ಮಾರುವ ವ್ಯವಸ್ಥೆ ಈ ಸೀಮೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಹೀಗೆ. ಅರಮನೆಯ ಆಮಂತ್ರಣವಾಗಲಿ ಸಾಹುಕಾರರ ವಾಡೆಯ ಬೈಠಕ್ಕಾಗಲಿ ಜಾತಿ, ಅಂತಸ್ತು ನೋಡಿ ಬಾಗಿಲು ತೆರೆಯುತ್ತಿದ್ದವು. ಕಂಪನಿ ಕಾಸು ನೋಡಿ ತೆರೆಯಿತು. ನೆಲದ ಮೇಲೆ ಕೂತವನಿಗೂ ಕುರ್ಚಿಯ ಮೇಲೆ ಕೂತವನಿಗೂ ಕೇಳುತ್ತಿದ್ದುದು ಒಂದೇ ಹಾಡು.

ಆ ಹಾಡು ಎಂಥದು ಎಂಬುದು ಮುಖ್ಯ. ಕಂಪನಿಯ ನಾಟಕದಲ್ಲಿ ಮಾತಿಗಿಂತ ಪದ ಹೆಚ್ಚು. ಕಥೆ ಎಲ್ಲರಿಗೂ ಗೊತ್ತಿದ್ದದ್ದು: ಪ್ರಹ್ಲಾದ, ಧ್ರುವ, ಹರಿಶ್ಚಂದ್ರ, ಸತಿ ಸಾವಿತ್ರಿ. ಮುಂದೇನು ಎಂಬ ಕುತೂಹಲವಿಲ್ಲದ ಕಡೆ ಜನರನ್ನು ರಾತ್ರಿಯಿಡೀ ಹಿಡಿದಿಡಬೇಕಾದದ್ದು ಕಂಠವೇ. ಪ್ರತಿ ಸಂದರ್ಭಕ್ಕೂ ಒಂದು ರಾಗ ಒಪ್ಪಿತ್ತು. ವಿರಹಕ್ಕೆ ಒಂದು, ರೌದ್ರಕ್ಕೆ ಒಂದು, ಬೆಳಗಿನ ಜಾವದ ದೃಶ್ಯಕ್ಕೆ ಮತ್ತೊಂದು. ನಟ ಮೊದಲು ಪದವನ್ನು ನೇರವಾಗಿ ಹಾಡಿ ಅರ್ಥ ಮುಟ್ಟಿಸುತ್ತಿದ್ದ, ಆಮೇಲೆ ತನ್ನ ಶಕ್ತಿ ಇದ್ದಷ್ಟು ಆಲಾಪ, ತಾನುಗಳಿಂದ ಅದನ್ನು ಬೆಳೆಸುತ್ತಿದ್ದ. ಕಾಲಿನಿಂದ ತುಳಿಯುವ ಹಾರ್ಮೋನಿಯಂ ಮುಂದೆ ಕೂತ ಮಾಸ್ತರು ಎರಡೂ ಕೈಯಿಂದ ಅವನನ್ನು ಹಿಂಬಾಲಿಸುತ್ತಿದ್ದರು. ಜನ ‘ಒನ್ಸ್ ಮೋರ್’ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಾಗಿತ್ತು. ಇದನ್ನು ಅಭಿರುಚಿಯಿಲ್ಲದ ಗದ್ದಲ ಎಂದು ತಳ್ಳಿಹಾಕುವುದು ಸುಲಭ. ಆದರೆ ಎರಡನೆಯ ಸಲ ಹಾಡಿದಾಗ ಮೊದಲಿನಂತೆಯೇ ಹಾಡಿದರೆ ಜನ ಒಪ್ಪುತ್ತಿರಲಿಲ್ಲ. ಬೇರೆ ಜಾಗದಿಂದ ಎತ್ತಿ, ಬೇರೆ ತಾನು ಹಾಕಿ ತೋರಿಸಬೇಕಿತ್ತು. ರಾಗವನ್ನು ಒಂದೇ ಪದದೊಳಗೆ ಹೊಸದಾಗಿ ಬಿಡಿಸುವ ಖಯಾಲಿನ ಕೆಲಸವೂ ಇದೇ ಅಲ್ಲವೇ? ಕೇಳುಗರು ಶಾಸ್ತ್ರದ ಹೆಸರು ತಿಳಿಯದೆಯೇ ಅದರ ರೀತಿಯನ್ನು ಹೀಗೆ ಮೈಗೂಡಿಸಿಕೊಂಡರು.

ಹಾಡುಗಾರರ ಜೀವನವನ್ನು ನೋಡಿದರೂ ಇದಕ್ಕೆ ಸಾಕ್ಷಿ ಸಿಗುತ್ತದೆ. 1886ರಲ್ಲಿ ಕುಂದಗೋಳದಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರರು ಅಬ್ದುಲ್ ಕರೀಂ ಖಾನರಲ್ಲಿ ವರ್ಷಗಟ್ಟಲೆ ಕಲಿತ ಮೇಲೆ ಹೋದದ್ದು ಮರಾಠಿ ರಂಗಭೂಮಿಗೆ. ಸ್ತ್ರೀ ಪಾರ್ಟುಗಳಲ್ಲಿ ಹಾಡಿ ಹೆಸರು ಮಾಡಿದರು. ಸವಾಯಿ ಗಂಧರ್ವ ಎಂಬ ಬಿರುದು ಅಂಟಿದ್ದು ಆ ದಿನಗಳಲ್ಲಿ, ಬಾಲಗಂಧರ್ವರು ನಾಟ್ಯಸಂಗೀತದ ಅಳತೆಗೋಲಾಗಿದ್ದ ಕಾಲದಲ್ಲಿ. ಧಾರವಾಡದ ಮಗ್ಗುಲಿನ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನರು ಬಾಲಕನಾಗಿದ್ದಾಗಲೇ ಅಣ್ಣ ಬಸವರಾಜರ ಹಿಂದೆ ನಾಟಕಕ್ಕೆ ಸೇರಿ ಪ್ರಹ್ಲಾದ, ಧ್ರುವ, ನಾರದರ ಪಾತ್ರಗಳಲ್ಲಿ ಹಾಡಿದರು. ರಂಗದ ಮೇಲಿನ ಆ ಕಂಠವನ್ನು ಕೇಳಿಯೇ ಆಲೂರಮಠದ ನೀಲಕಂಠಬುವಾ ಅವರನ್ನು ಶಿಷ್ಯನಾಗಿ ತೆಗೆದುಕೊಂಡು ಮಿರಜಿಗೆ ಕರೆದೊಯ್ದರು. ಕಂಪನಿ ಇಲ್ಲದಿದ್ದರೆ ಹಳ್ಳಿಯ ರೈತ ಕುಟುಂಬದ ಹುಡುಗನ ಕಂಠ ಗ್ವಾಲಿಯರ್ ಘರಾಣೆಯ ಗುರುವಿನ ಕಿವಿಗೆ ಬೀಳುವ ದಾರಿ ಯಾವುದಿತ್ತು? ಯಲಿವಾಳದ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ ಮಾಸ್ತರರ ಕಂಪನಿಯ ಸಹವಾಸ ಕಂಡವರೇ. ಗದಗಿನ ವೀರೇಶ್ವರ ಪುಣ್ಯಾಶ್ರಮವಂತೂ ಇನ್ನೂ ಸ್ಪಷ್ಟವಾದ ಸಾಕ್ಷಿ. ಅಂಧ ಮಕ್ಕಳಿಗೆ, ದಿಕ್ಕಿಲ್ಲದ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸುವ ಆ ಆಶ್ರಮದ ಖರ್ಚು ತೂಗಿಸಲು ನಾಟ್ಯಸಂಘ ಕಟ್ಟಲಾಯಿತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ನಾಟಕಗಳನ್ನು ಬರೆದು ಅದನ್ನು ಮುನ್ನಡೆಸಿದರು. ಖಯಾಲು ಕಲಿಯುವ ಹುಡುಗನ ರೊಟ್ಟಿ ನಾಟಕದ ಗಲ್ಲಾಪೆಟ್ಟಿಗೆಯಿಂದ ಬರುತ್ತಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಗೂಬಾಯಿಯವರ ಉದಾಹರಣೆಯದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಕಂಪನಿಯಲ್ಲಿ ಬೆಳೆದವರಲ್ಲ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ, ಹಾಡುವುದೇ ಆ ಮನೆತನದ ಹೆಣ್ಣುಮಕ್ಕಳ ವೃತ್ತಿ. ಹುಬ್ಬಳ್ಳಿಗೆ ಬಂದು ಮೊದಲು ಕೃಷ್ಣಾಚಾರ್ಯರಲ್ಲಿ, ದತ್ತೋಪಂತ ದೇಸಾಯಿಯವರಲ್ಲಿ ಹಿಂದೂಸ್ತಾನಿ ಕಲಿತು, ಆಮೇಲೆ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಇದು ನಿಜ, ಮತ್ತು ಎಲ್ಲವೂ ನಾಟಕದಿಂದಲೇ ಬಂತು ಎನ್ನುವ ಅತಿಯಿಂದ ಇದು ನಮ್ಮನ್ನು ಕಾಪಾಡುತ್ತದೆ. ಹಾಡುವ ಹೆಣ್ಣುಮಕ್ಕಳ ಮನೆತನಗಳು, ಮಠಗಳು, ಜಮಖಂಡಿ, ಮುಧೋಳ, ರಾಮದುರ್ಗದಂಥ ಸಂಸ್ಥಾನಗಳು, ಕುಂದಗೋಳದ ನಾಡಿಗೇರ ವಾಡೆಯಂಥ ಮನೆಗಳು ಕೊಟ್ಟ ಆಸರೆ ದೊಡ್ಡದು. ಆದರೆ ಗಂಗೂಬಾಯಿಯವರ ಗುರುವಿನ ಹೆಸರು ರಂಗಭೂಮಿ ಕೊಟ್ಟದ್ದು. ಅವರು ಹಾಡಿದ ಸಭೆಯಲ್ಲಿ ಕೂತವರು ಹಿಂದಿನ ವಾರ ನಾಟಕ ನೋಡಿ ಬಂದವರು. ಆಶ್ರಯದಾತರು ಗಾಯಕರನ್ನು ಉಳಿಸಿದರು. ಸಾವಿರಾರು ಕೇಳುಗರನ್ನು ಸಿದ್ಧಮಾಡುವುದು ಅವರಿಂದ ಆಗುವ ಕೆಲಸವಾಗಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಈ ನಾಟ್ಯಸಂಗೀತವೇ ಮರಾಠಿಯಿಂದ ಎರವಲು ತಂದದ್ದು, ಇದರಲ್ಲಿ ಧಾರವಾಡದ್ದೇನು? ಮರಾಠಿ ರಂಗಗೀತೆಯ ಋಣ ಇಲ್ಲಿ ಅಪಾರ, ಅದನ್ನು ಮುಚ್ಚಿಡಬೇಕಾಗಿಲ್ಲ. ಬಾಲಗಂಧರ್ವರ ಗುರು, ಮರಾಠಿ ಸಂಗೀತ ನಾಟಕಗಳಿಗೆ ಮಟ್ಟು ಹಾಕಿದ ಭಾಸ್ಕರಬುವಾ ಬಖಲೆಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸುತ್ತಿದ್ದವರು. ಆದರೆ ಕೊಡುಕೊಳ್ಳುವಿಕೆ ಎರಡೂ ಕಡೆ ನಡೆದಿತ್ತು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ದಕ್ಕೆ ಪ್ರೇರಣೆ ಅಲ್ಲಿಗೆ ಹೋಗಿ ಆಡಿದ ಕರ್ನಾಟಕದ ಭಾಗವತ ಮೇಳ. 1880ರಲ್ಲಿ ಶಾಕುಂತಲದಿಂದ ಸಂಗೀತ ನಾಟಕಕ್ಕೆ ಹೊಸ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಆಡಳಿತದ ಕೆಳಗೇ ಇದ್ದವು. ಗಾಯಕರು, ಮಾಸ್ತರುಗಳು, ಮಟ್ಟುಗಳು ಗಡಿಯೇ ಇಲ್ಲದ ನೆಲದಲ್ಲಿ ಓಡಾಡಿದವು. ಒಂದೇ ಮಟ್ಟಿಗೆ ಕನ್ನಡದ ಪದ ಕೂತಾಗ ಅದರ ಉಸಿರು, ಒತ್ತು, ನಿಲುಗಡೆ ಬೇರೆಯಾಗುತ್ತದೆ. ಹಾಗೆ ಬೇರೆಯಾದದ್ದನ್ನು ನಮ್ಮ ಜನ ತಮ್ಮದೆಂದೇ ಹಾಡಿಕೊಂಡರು, ಹೊಲದಲ್ಲೂ ಹಾಡಿಕೊಂಡರು.

ಕಂಪನಿ ಬೆಳೆಸಿದ ಈ ಕಿವಿಗೆ ಎರಡನೆಯ ಆಹಾರ ಕೊಟ್ಟದ್ದು ಗ್ರಾಮೋಫೋನು. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಹೋಗುವಂತೆ ಮಾಡಿದ್ದು ಅಬ್ದುಲ್ ಕರೀಂ ಖಾನರ ಪ್ಲೇಟು, ಖಾನರ ಎದುರು ಕೂತು ಕೇಳಿದ ಬೈಠಕ್ಕಲ್ಲ. ಆಗಿನ ಪ್ಲೇಟುಗಳಲ್ಲಿ ಇಂದಿನ ವಿಂಗಡಣೆ ಇರಲಿಲ್ಲ. ಒಂದೇ ಕಲಾವಿದರು ಖಯಾಲು, ಠುಮರಿ, ರಂಗಗೀತೆ, ಭಜನೆ ಎಲ್ಲವನ್ನೂ ಮೂರು ಚಿಲ್ಲರೆ ನಿಮಿಷದ ಅಳತೆಗೆ ಹೊಂದಿಸಿ ಕೊಡುತ್ತಿದ್ದರು. ಗಂಗೂಬಾಯಿಯವರ ಮೊದಮೊದಲ ಪ್ಲೇಟುಗಳು ‘ಗಾಂಧಾರಿ, ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಬಂದವು, ಅವರು ಜಿ.ಎನ್. ಜೋಶಿಯವರೊಡನೆ ಮರಾಠಿ ಭಾವಗೀತೆಗಳನ್ನು ಯುಗಳವಾಗಿ ಹಾಡಿದ್ದಾರೆ. ಮನಸೂರರ ಗೌಡಮಲ್ಹಾರ, ಅಡಾಣಾಗಳು ಹಿಸ್ ಮಾಸ್ಟರ್ಸ್ ವಾಯ್ಸ್ ಪ್ಲೇಟುಗಳಾಗಿ ಮನೆಮನೆ ತಲುಪಿದವು. ಭೀಮಸೇನರ ಮೊದಲ ಪ್ಲೇಟು 1942ರಲ್ಲಿ ಬಂದಾಗ ಅದರಲ್ಲಿದ್ದದ್ದು ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಇಡೀ ದೇಶಕ್ಕೆ ಪರಿಚಿತರಾದರು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ರಂಗಸಂಗಾತಿಯಾದರು. ಒಂದೇ ಸೀಮೆಯ ಗಾಯಕ ಗಾಯಕಿಯರು ಒಂದೇ ದಶಕದಲ್ಲಿ ಚಿತ್ರಗೀತೆಗೂ ರಂಗಕ್ಕೂ ಖಯಾಲಿಗೂ ಹಂಚಿಹೋದದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಆ ಕಾಲದ ಸಂಗೀತ ಹೇಗಿತ್ತೆಂದು ತಿಳಿಯುತ್ತದೆ. ಇವರನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಇಟ್ಟು ನಾವು ಆ ಚಿತ್ರವನ್ನೇ ಹರಿದಿದ್ದೇವೆ.

ಇದೇ ದಶಕಗಳಲ್ಲಿ ಭೂಮಿಯ ಇನ್ನೊಂದು ಬದಿಯ ಮೆಕ್ಸಿಕೋದಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟರೆ ನಮ್ಮದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿಯೂ ಊರೂರು ತಿರುಗುವ ಡೇರೆ ನಾಟಕಗಳಿದ್ದವು, ಹಳ್ಳಿಯ ಹಾಡಿತ್ತು. 1930ರಲ್ಲಿ ರಾಜಧಾನಿಯಲ್ಲಿ ಎಕ್ಸ್‌ಇಡಬ್ಲ್ಯೂ ಎಂಬ ಖಾಸಗಿ ರೇಡಿಯೋ ಕೇಂದ್ರ ಆರಂಭವಾಯಿತು. 1936ರ ಹೊತ್ತಿಗೆ ಹಳ್ಳಿಯ ಹಾಡುಗಾರನನ್ನೇ ನಾಯಕನನ್ನಾಗಿ ಮಾಡುವ ಸಿನಿಮಾ ಗೆದ್ದಿತು. ಖೋರ್ಖೆ ನೆಗ್ರೆತೆ ಒಪೇರಾ ಕಲಿತವರು. ಆದರೆ ಕುದುರೆ ಸವಾರನ ವೇಷ ತೊಟ್ಟು ರಾಂಚೆರಾ ಎಂಬ ಹಳ್ಳಿಯ ಹಾಡು ಹಾಡಿದ ಮೇಲೆಯೇ ದೇಶದ ಕಣ್ಮಣಿಯಾದರು. ಪೇದ್ರೊ ಇನ್ಫಾಂತೆ, ಶಾಸ್ತ್ರದ ಶಿಕ್ಷಣವಿಲ್ಲದೆಯೇ ಹಾಡು ಕಟ್ಟಿದ ಹೊಸೆ ಆಲ್ಫ್ರೆದೊ ಹಿಮೆನೆಸ್, ಇವರೆಲ್ಲರನ್ನೂ ರೇಡಿಯೋ, ಸಿನಿಮಾ, ರೆಕಾರ್ಡು ಮೂರೂ ಸೇರಿ ಜನಪ್ರಿಯ ಗಾಯಕರಾಗಿಯೇ ಎತ್ತಿ ಹಿಡಿದವು. ಅಲ್ಲಿ ತರಬೇತಿ ಪಡೆದ ಕಂಠ ಜನಪ್ರಿಯ ಹಾಡಿನ ಕಡೆ ಇಳಿದು ಬಂತು. ಇಲ್ಲಿ ಜನಪ್ರಿಯ ರಂಗದ ಕಂಠ ರಾಗದ ಕಡೆ ಏರಿ ಹೋಯಿತು. ಕಾರಣ ಸರಳ. ಉತ್ತರ ಕರ್ನಾಟಕಕ್ಕೆ ತನ್ನದೇ ಸಿನಿಮಾ ಉದ್ಯಮ ಇರಲಿಲ್ಲ. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ವೇ ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾಯಿತು, ಮುಂದೆ ಕನ್ನಡ ಚಿತ್ರರಂಗ ಮದರಾಸು-ಮೈಸೂರುಗಳ ಕಡೆ ಬೆಳೆಯಿತು. ಟಾಕೀಸುಗಳು ಬಂದು ಕಂಪನಿಗಳ ಗಲ್ಲಾಪೆಟ್ಟಿಗೆ ಬರಿದಾಗತೊಡಗಿದಾಗ ಇಲ್ಲಿನ ಗಾಯಕರ ಮುಂದೆ ಇದ್ದದ್ದು ಮೂರೇ ದಾರಿ: ಮುಂಬಯಿಗೆ ಹೋಗುವುದು, ಕಂಪನಿಯೊಡನೆಯೇ ಬಡವಾಗುವುದು, ಇಲ್ಲವೇ ರಾಗದ ಬೈಠಕ್ಕಿಗೆ ಬಂದು ಕೂರುವುದು.

ಮೂರನೆಯ ದಾರಿಯನ್ನು ಭದ್ರಪಡಿಸಿದ್ದು ಆಕಾಶವಾಣಿ. ಧಾರವಾಡ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಅಲ್ಲಿಯವರೆಗೆ ಬಾನುಲಿಯಲ್ಲಿ ಹಾಡಲು ಮುಂಬಯಿಗೋ ಬೇರೆಡೆಗೋ ಹೋಗಬೇಕಾಗಿದ್ದ ಕಲಾವಿದರಿಗೆ ಮನೆ ಬಾಗಿಲಲ್ಲೇ ಕೆಲಸ, ಗೌರವ, ತಿಂಗಳ ಸಂಬಳ ಸಿಕ್ಕಿತು. ಮನಸೂರರು ಕೇಂದ್ರದ ಸಂಗೀತ ಸಲಹೆಗಾರರಾದರು. ಬೇಂದ್ರೆಯವರ ಕವಿತೆಗಳನ್ನೂ ಜನಪದ ಗೀತೆಗಳನ್ನೂ ಹಾಡುತ್ತಿದ್ದ ಹುಕ್ಕೇರಿ ಬಾಳಪ್ಪನವರಂಥ ಕಂಠಗಳನ್ನು ಹಳ್ಳಿಗಳು ಬಾನುಲಿಯಲ್ಲಿ ಕೇಳಿದವು. ಈ ಉಪಕಾರ ಸಣ್ಣದಲ್ಲ. ಆದರೆ ಅದೇ ಬಾನುಲಿ ಒಂದಾಗಿದ್ದ ಸಂಗೀತವನ್ನು ಖಾನೆಗಳಿಗೆ ಹಂಚಿತು. 1950ರ ದಶಕದಲ್ಲಿ, ಬಿ.ವಿ. ಕೇಸಕರರು ಪ್ರಸಾರ ಸಚಿವರಾಗಿದ್ದಾಗ, ಧ್ವನಿಪರೀಕ್ಷೆ ಮತ್ತು ಶ್ರೇಣಿಯ ಪದ್ಧತಿ ಬಿಗಿಯಾಯಿತು. ಶಾಸ್ತ್ರೀಯ, ಸುಗಮ, ಜಾನಪದ ಎಂದು ಪ್ರತ್ಯೇಕ ಅರ್ಜಿ, ಪ್ರತ್ಯೇಕ ವೇಳೆ, ಪ್ರತ್ಯೇಕ ಸಂಭಾವನೆ. ರಂಗಗೀತೆ ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದಲಿಲ್ಲ. ಶಾಸ್ತ್ರೀಯಕ್ಕೆ ಹಗುರ, ಸುಗಮಕ್ಕೆ ಭಾರ, ಜಾನಪದವಂತೂ ಅಲ್ಲ. ಇನ್ನೊಂದು ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು, ಮತ್ತು ಆ ನಿಷೇಧ ದಶಕಗಳ ಕಾಲ ಉಳಿಯಿತು. ಶ್ರುತಿಯ ಸೂಕ್ಷ್ಮ ಅದರಲ್ಲಿ ಬರುವುದಿಲ್ಲ ಎಂಬ ವಾದದಲ್ಲಿ ಹುರುಳಿರಬಹುದು. ಆದರೆ ಕಂಪನಿಯ ಸಂಗೀತವನ್ನೆಲ್ಲ ಹೊತ್ತು ನಿಂತಿದ್ದ ವಾದ್ಯ ಅದು. ಅದನ್ನು ಹೊರಗಿಟ್ಟಾಗ ಅದರ ಮುಂದೆ ಕೂತು ಎರಡು ತಲೆಮಾರಿನ ನಟರಿಗೆ ಸ್ವರ ಕಲಿಸಿದ ಮಾಸ್ತರುಗಳೂ ಹೊರಗುಳಿದರು.

ಇಲ್ಲಿ ಒಬ್ಬ ತಿಳಿದ ಓದುಗರು ಕೇಳಬಹುದು: ಬಾನುಲಿಯನ್ನೇಕೆ ದೂರುತ್ತೀರಿ, ಕಲಾವಿದರೇ ಹಗುರ ಹಾಡನ್ನು ಬಿಟ್ಟರಲ್ಲ? 1940ರ ದಶಕದ ನಡುವಿನ ಹೊತ್ತಿಗೆ ಗಂಗೂಬಾಯಿಯವರು ಠುಮರಿ, ಭಜನೆಗಳನ್ನು ಕೈಬಿಟ್ಟು ಖಯಾಲಿಗೆ ಮಾತ್ರ ತಮ್ಮನ್ನು ಒಪ್ಪಿಸಿಕೊಂಡರು. ಮನಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್, ಬುರ್ಜೀ ಖಾನರಲ್ಲಿ ಕಲಿತ ಅಪರೂಪದ, ಜೋಡು ರಾಗಗಳು ಟಿಕೀಟಿನ ಜನರಿಗಾಗಿ ಕಟ್ಟಿದವಲ್ಲ. ಇದು ಒಪ್ಪತಕ್ಕ ಮಾತು. ಗಂಗೂಬಾಯಿಯವರ ನಿರ್ಧಾರದ ಹಿಂದೆ ಇನ್ನೂ ಒಂದು ಒತ್ತಡವಿತ್ತು ಎಂದು ನನಗೆ ಅನಿಸುತ್ತದೆ: ಹಾಡುವ ಹೆಣ್ಣನ್ನು ಬೀದಿಯಲ್ಲಿ ಹಂಗಿಸುತ್ತಿದ್ದ ಸಮಾಜದಲ್ಲಿ ಶುದ್ಧ ರಾಗವೊಂದೇ ಅವರಿಗೆ ಪ್ರಶ್ನಿಸಲಾಗದ ಗೌರವ ತರಬಲ್ಲದ್ದಾಗಿತ್ತು. ಆದರೂ ಕಲಾವಿದರು ಜನರ ಕೈ ಬಿಟ್ಟರೆಂಬುದು ಪೂರ್ತಿ ನಿಜವಲ್ಲ. ಮನಸೂರರು, ರಾಜಗುರುಗಳು, ರಾಯಚೂರಿನ ಕಡೆಯ ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ರಾಗದಲ್ಲಿ ಹಾಡಿದ ಬಗೆಯನ್ನು ಕೇಳಿ ನೋಡಿ. ಮಾತು ಮೊದಲು ನಿಚ್ಚಳವಾಗಿ ಮುಟ್ಟುತ್ತದೆ, ಆಮೇಲೆ ಒಂದು ಪದವನ್ನು ಹಿಡಿದು ರಾಗ ಬೆಳೆಯುತ್ತದೆ, ಮತ್ತೆ ಮಾತಿಗೆ ಬಂದು ನಿಲ್ಲುತ್ತದೆ. ಇದು ಉತ್ತರದ ಯಾವ ಉಸ್ತಾದರೂ ಕಲಿಸಿದ್ದಲ್ಲ; ರಂಗದ ಮೇಲೆ ಪದ ಹಾಡುವ ಕ್ರಮ ಇದು. ಭೀಮಸೇನರ ದಾಸರ ಪದಗಳಲ್ಲೂ ಅದೇ ಕ್ರಮ ಕೇಳುತ್ತದೆ. 1966ರ ‘ಸಂಧ್ಯಾರಾಗ’ ಚಿತ್ರಕ್ಕೆ ಅವರು ಹಾಡಿದಾಗ ಸಿನಿಮಾ ನೋಡುವ ಜನ ಅದನ್ನು ಕಷ್ಟದ ಸಂಗೀತವೆಂದು ದೂರ ಸರಿಸಲಿಲ್ಲ.

ಈ ವಿಂಗಡಣೆಯಿಂದ ನಷ್ಟ ಆದದ್ದು ಯಾರಿಗೆ? ಮೇಲಿನ ಶ್ರೇಣಿ ಸಿಕ್ಕ ಐದಾರು ಮಂದಿಗಲ್ಲ. ಅವರಿಗೆ ಪದ್ಮ ಪ್ರಶಸ್ತಿಗಳು ಬಂದವು, ಸ್ಮಾರಕಗಳಾದವು. ಅವರು ಅದಕ್ಕೆ ಪೂರ್ತಿ ಯೋಗ್ಯರು. ನಷ್ಟವಾದದ್ದು ಅದೇ ನೆಲದಲ್ಲಿ ಹಾಡಿ ಕಂಪನಿಯಲ್ಲೇ ಉಳಿದವರಿಗೆ. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು 1947ರಲ್ಲಿ ಕಲಾವೈಭವ ನಾಟ್ಯಸಂಘ ಕಟ್ಟಿ, ಟಾಕೀಸುಗಳ ಎದುರು ದಶಕಗಟ್ಟಲೆ ನಡೆಸಿ, 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ನಾವು ನಟರೆಂದು ನೆನೆಯುತ್ತೇವೆ, ಗಾಯಕರೆಂದು ನೆನೆಯುವುದು ಅಪರೂಪ. ಅವರ ಕಂಪನಿಯಲ್ಲಿ ಹಾಡಿದ ಲಕ್ಷ್ಮೀಬಾಯಿ ಏಣಗಿಯವರಂಥ ಗಾಯಕ ನಟಿಯರ ಸ್ಥಾನ ಸಂಗೀತದ ಚರಿತ್ರೆಯಲ್ಲಿ ಇನ್ನೂ ಚಿಕ್ಕದು. ಹೆಣ್ಣುಮಕ್ಕಳು ಸ್ತ್ರೀ ಪಾರ್ಟನ್ನು ಗಂಡಸರ ಕೈಯಿಂದ ತೆಗೆದುಕೊಂಡು, ದೊಡ್ಡ ಥಿಯೇಟರಿನ ಕೊನೆಯ ಸಾಲಿಗೆ ಮೈಕಿಲ್ಲದೆ ಕೇಳಿಸುವಂತೆ ಹಾಡಿದ್ದು ಕಂಠ ಸಾಧನೆಯ ಇತಿಹಾಸದಲ್ಲಿ ದೊಡ್ಡ ಘಟನೆ. ಅದನ್ನು ರಂಗಭೂಮಿಯ ಅಡಿಟಿಪ್ಪಣಿ ಮಾಡಿ ಬಿಟ್ಟಿದ್ದೇವೆ.

ಆದ್ದರಿಂದ ಧಾರವಾಡದ ಸಂಗೀತದ ಮುಂದಿನ ಚರಿತ್ರೆಯನ್ನು ಯಾರೇ ಬರೆದರೂ ಕಂಪನಿಯನ್ನು ಪೀಠಿಕೆಯಲ್ಲಿ ಮುಗಿಸದೆ ನಡುವಿನ ಅಧ್ಯಾಯದಲ್ಲಿ ಇಡಬೇಕು. ಸಂಗೀತ ಕಾಲೇಜುಗಳ ಪಾಠದಲ್ಲಿ ರಂಗಗೀತೆಗೆ ರಾಗದ ಪಕ್ಕದಲ್ಲೇ ಜಾಗ ಸಿಗಬೇಕು, ಹಾರ್ಮೋನಿಯಂ ಮಾಸ್ತರುಗಳ ಹೆಸರು ಗುರುಗಳ ಪಟ್ಟಿಯಲ್ಲಿ ಸೇರಬೇಕು. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿಯ ಹಳೆಯ ಮನೆಗಳ ಅಟ್ಟದಲ್ಲಿ ಪ್ಲೇಟು, ಪದಗಳ ವಹಿ, ಹಸ್ತಪತ್ರಿಕೆ, ಕಂಪನಿಯ ಫೋಟೋ ಏನೇ ಇದ್ದರೂ ದಯವಿಟ್ಟು ರದ್ದಿಗೆ ಹಾಕಬೇಡಿ. ಪ್ಲೇಟನ್ನು ಧ್ವನಿಮುದ್ರಿಸಿಕೊಳ್ಳಿ, ವಹಿಯ ಪುಟಗಳ ಚಿತ್ರ ತೆಗೆಯಿಸಿ, ಫೋಟೋದಲ್ಲಿರುವವರ ಹೆಸರನ್ನು ಬಲ್ಲ ಹಿರಿಯರಿಂದ ಕೇಳಿ ಹಿಂಬದಿಯಲ್ಲಿ ಬರೆಯಿರಿ, ಹತ್ತಿರದ ಕಾಲೇಜಿಗೋ ಗ್ರಂಥಾಲಯಕ್ಕೋ ಒಂದು ಪ್ರತಿ ಕೊಡಿ. ಕಂಪನಿಯಲ್ಲಿ ಹಾಡಿ ಇಂದಿಗೂ ನಮ್ಮ ನಡುವೆ ಇರುವ ಹಿರಿಯರು ಕೆಲವರೇ. ಅವರಿಂದ ಕೇಳುವ ಕೆಲಸ ಈ ವರ್ಷವೇ ಆಗಬೇಕು.